ಅಜ್ಜ-ಅಜ್ಜಿಯರ ಮಡಿಲಲ್ಲಿರುವ ವಿಕಲಚೇತನ ಮಗು: ಅದರ ಹಕ್ಕು ಮತ್ತು ನಮ್ಮ ಅಮಾನತ್ತು



ಪ್ರವಾದಿ ಮುಹಮ್ಮದ್(ಸ)ರು ಹುಟ್ಟುವುದಕ್ಕೆ ಮುಂಚೆಯೇ ಅವರ ತಂದೆ ಅಬ್ದುಲ್ಲಾಹ್ ತೀರಿಕೊಂಡಿದ್ದರು. ಆರನೆಯ ವಯಸ್ಸಿನಲ್ಲಿ ತಾಯಿ ಆಮಿನಾ ಅಬ್‌ವಾ ಎಂಬಲ್ಲಿ ನಿಧನರಾದರು. ಆಗ ಆ ಬಾಲಕನನ್ನು ಎದೆಗಪ್ಪಿಕೊಂಡವರು ಅಜ್ಜ ಅಬ್ದುಲ್ ಮುತ್ತಲಿಬ್. ಕಅಬಾದ ನೆರಳಿನಲ್ಲಿ ಅವರಿಗಾಗಿ ಹಾಸುತ್ತಿದ್ದ ಚಾಪೆಯ ಮೇಲೆ ಸ್ವಂತ ಮಕ್ಕಳೂ ಕೂರುತ್ತಿರಲಿಲ್ಲ. ಆದರೆ ಮೊಮ್ಮಗ ಬಂದು ಕುಳಿತರೆ ಅಜ್ಜ ಅವನನ್ನು ಪಕ್ಕಕ್ಕೆ ಕರೆದು ಬೆನ್ನು ಸವರುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ. ಎರಡು ವರ್ಷಗಳ ಬಳಿಕ ತಮ್ಮ ಅಂತ್ಯ ಸಮೀಪಿಸಿತೆಂದು ತಿಳಿದಾಗ ಆ ಮುದುಕರು ಮಾಡಿದ ದೊಡ್ಡ ಕೆಲಸವೆಂದರೆ ಮೊಮ್ಮಗನ ಹೊಣೆಯನ್ನು ಹೆಸರು ಹೇಳಿ ಅಬೂತಾಲಿಬರಿಗೆ ಒಪ್ಪಿಸಿದ್ದು. ಅಬೂತಾಲಿಬ್ ಶ್ರೀಮಂತರಾಗಿರಲಿಲ್ಲ. ಆದರೆ ಅವರು ಅಬ್ದುಲ್ಲಾಹ್‌ರ ಒಡಹುಟ್ಟಿದವರು, ಒಂದೇ ತಾಯಿಯ ಮಕ್ಕಳು.

ಈ ಚರಿತ್ರೆಯನ್ನು ನಾವು ಮೀಲಾದ್ ಸಭೆಗಳಲ್ಲಿ ಕೇಳಿದ್ದೇವೆ. ಆದರೆ ಅಜ್ಜನ ಮನೆಯಲ್ಲಿ ಬೆಳೆಯುವ ಮಗುವಿನ ವಿಷಯದಲ್ಲಿ ಅದರಿಂದ ಏನನ್ನು ಕಲಿತೆವು ಎಂದು ಕೇಳಿಕೊಂಡವರು ವಿರಳ. ನಮ್ಮ ಹುಲ್ಲಹಳ್ಳಿಯಂತಹ ಊರುಗಳಲ್ಲಿ ಇಂತಹ ಮನೆಗಳು ಹೊಸತಲ್ಲ. ಕಪಿಲೆಯ ನಾಲೆಯ ನೀರು ಕುಡಿದ ಗದ್ದೆಗಳು ಸುತ್ತಲೂ ಇದ್ದರೂ ಭೂಮಿಯಿಲ್ಲದವನಿಗೆ ದುಡಿಮೆ ಬೇರೆಡೆಯೇ. ತಂದೆ ಬೆಂಗಳೂರಿಗೋ ಕೊಡಗಿಗೋ ಕೇರಳಕ್ಕೋ ಹೋಗಿರುತ್ತಾನೆ. ಕೆಲವೊಮ್ಮೆ ಮರಳುವುದಿಲ್ಲ. ತಾಯಿ ತೀರಿಕೊಂಡಿರುತ್ತಾಳೆ ಅಥವಾ ಮರುಮದುವೆಯಾಗಿ ಇನ್ನೊಂದು ಊರು ಸೇರಿರುತ್ತಾಳೆ. ಮಗು ದಾದಿಯ ಅಥವಾ ನಾನಿಯ ಸೆರಗು ಹಿಡಿಯುತ್ತದೆ. ಆ ಮಗುವಿಗೆ ಕಿವಿ ಕೇಳಿಸದಿದ್ದರೆ, ಕಾಲು ನಿಲ್ಲದಿದ್ದರೆ, ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ ಆ ಮುದಿ ಜೀವಗಳ ಹೊರೆ ಎಷ್ಟೆಂಬುದನ್ನು ಹೊತ್ತವರೇ ಬಲ್ಲರು.

ಇಂತಹ ಮಗುವಿಗೆ ದೇಶದ ಕಾನೂನು ಕೆಲವು ಸೌಲಭ್ಯಗಳನ್ನು ಕೊಟ್ಟಿದೆ. ಅವು ಯಾವುವು, ಅವನ್ನು ಪಡೆಯುವುದು ಹೇಗೆ, ಬಂದ ಹಣ ಯಾರದ್ದು, ಅಜ್ಜ-ಅಜ್ಜಿಯ ಬಳಿಕ ಏನು ಎಂಬ ನಾಲ್ಕು ವಿಷಯಗಳನ್ನು ಶರೀಅತ್ತಿನ ಬೆಳಕಿನಲ್ಲಿ ಈ ಪಾಠದಲ್ಲಿ ನೋಡೋಣ.

ಇದು ಭಿಕ್ಷೆಯೇ?

ಮೊದಲು ಒಂದು ಸಂಕೋಚವನ್ನು ನಿವಾರಿಸಬೇಕು. "ಅಲ್ಲಾಹ್ ಕೊಟ್ಟದ್ದನ್ನು ಸಬ್ರ್‌ನಿಂದ ಸಹಿಸಬೇಕು, ಸರ್ಕಾರದ ಮುಂದೆ ಕೈಚಾಚುವುದು ಸರಿಯೇ?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಸ್ವಾಭಿಮಾನ ಗೌರವಕ್ಕೆ ಅರ್ಹವಾದುದು. ಆದರೆ ಇಲ್ಲಿ ಎರಡು ವಿಷಯಗಳು ಬೆರೆತುಹೋಗಿವೆ.

ಸಬ್ರ್ ಎಂದರೆ ಅಲ್ಲಾಹನ ತೀರ್ಮಾನದ ಬಗ್ಗೆ ದೂರು ಹೇಳದಿರುವುದು. ಚಿಕಿತ್ಸೆಯನ್ನೂ ಸಾಧನವನ್ನೂ ಬಿಟ್ಟುಬಿಡುವುದಕ್ಕೆ ಸಬ್ರ್ ಎನ್ನುವುದಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಸ್ವತಃ ಪ್ರವಾದಿ(ಸ)ರು ಆದೇಶಿಸಿದ್ದಾರೆ.

ಇನ್ನು ಸರ್ಕಾರದ ಖಜಾನೆ. ಇಸ್ಲಾಮಿನ ಇತಿಹಾಸದಲ್ಲಿ ದುರ್ಬಲರಿಗೆ ಬೈತುಲ್ ಮಾಲ್‌ನಿಂದ ಸಿಗುತ್ತಿದ್ದುದನ್ನು ಯಾರೂ ಭಿಕ್ಷೆ ಎಂದು ಕರೆಯಲಿಲ್ಲ. ಖಲೀಫಾ ಉಮರ್(ರ)ರು ಮೊಲೆ ಬಿಟ್ಟ ಮಕ್ಕಳಿಗೆ ವೇತನ ನಿಗದಿಪಡಿಸಿದ್ದರು. ಆ ವೇತನಕ್ಕಾಗಿ ತಾಯಿಯೊಬ್ಬಳು ಅವಧಿಗೆ ಮುನ್ನವೇ ಮಗುವಿನ ಹಾಲು ಬಿಡಿಸುತ್ತಿರುವುದನ್ನು ರಾತ್ರಿಯ ಗಸ್ತಿನಲ್ಲಿ ಕಂಡು ಮರುಗಿ, ಹುಟ್ಟಿದ ದಿನದಿಂದಲೇ ವೇತನ ಕೊಡುವಂತೆ ಆಜ್ಞೆ ಮಾಡಿದರು. ಬೇಡುತ್ತಿದ್ದ ಕುರುಡ ಯಹೂದಿ ವೃದ್ಧನೊಬ್ಬನನ್ನು ಕಂಡಾಗ ಕೈಹಿಡಿದು ಮನೆಗೆ ಕರೆದೊಯ್ದು, ಅವನಿಗೂ ಅವನಂತಹವರಿಗೂ ಖಜಾನೆಯಿಂದ ನೆರವು ಕೊಡಿಸಿದರೆಂದು ಇಮಾಮ್ ಅಬೂಯೂಸುಫ್‌ರು ತಮ್ಮ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ಉಮಯ್ಯಾ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ (ಕ್ರಿ.ಶ. 705-715) ನಡೆಯಲಾರದವರಿಗೆ ಸೇವಕನನ್ನೂ ಕುರುಡರಿಗೆ ದಾರಿ ತೋರಿಸುವವನನ್ನೂ ನೇಮಿಸಿದನೆಂದು ಚರಿತ್ರೆ ಹೇಳುತ್ತದೆ. ಅಂದರೆ ವಿಕಲರಿಗೆ ಮಾಸಾಶನ, ಆರೈಕೆ ಮಾಡುವವರಿಗೆ ಭತ್ಯೆ ಎಂಬ ವಿಚಾರಗಳು ನಮಗೆ ಅಪರಿಚಿತವಾದುವಲ್ಲ.

ನಿಮ್ಮ ಮನೆಯ ದುರ್ಬಲರ ಕಾರಣದಿಂದಲೇ ನಿಮಗೆ ಸಹಾಯವೂ ಆಹಾರವೂ ದೊರೆಯುತ್ತಿದೆ ಎಂಬ ಅರ್ಥದ ಪ್ರವಾದಿವಚನ ಸಹೀಹ್ ಬುಖಾರಿಯಲ್ಲಿದೆ. ಮೊಮ್ಮಗುವನ್ನು 'ಹೊರೆ' ಎಂದು ಕರೆಯುವ ನಾಲಿಗೆ ಈ ಮಾತನ್ನು ಒಮ್ಮೆ ನೆನೆಯಬೇಕು.

ಸಾಕುವ ಹಕ್ಕು ಬೇರೆ, ಸಹಿ ಹಾಕುವ ಹಕ್ಕು ಬೇರೆ

ನಮ್ಮ ಜನ ಕಚೇರಿಗಳಲ್ಲಿ ಎಡವುವುದು ಇಲ್ಲಿಯೇ. ಆದ್ದರಿಂದ ಇದನ್ನು ಸಾವಕಾಶವಾಗಿ ಓದಿರಿ.

ಫಿಕ್ಹ್ ಶಾಸ್ತ್ರದಲ್ಲಿ ಎರಡು ಪದಗಳಿವೆ: ಹಿಝಾನತ್ ಮತ್ತು ವಿಲಾಯತ್. ಹಿಝಾನತ್ ಎಂದರೆ ಮಗುವನ್ನು ಮಡಿಲಲ್ಲಿಟ್ಟು ಉಣಿಸಿ, ತೊಳೆದು, ಮಲಗಿಸುವ ಹೊಣೆ. ಹನಫೀ ಮದ್ಸ್‌ಹಬ್ ಪ್ರಕಾರ ಇದರಲ್ಲಿ ಮೊದಲ ಹಕ್ಕು ತಾಯಿಯದು. ತಾಯಿ ಇಲ್ಲದಿದ್ದರೆ ನಾನಿ, ಆ ಬಳಿಕ ದಾದಿ. ತಂದೆಗಿಂತ ಮೊದಲು ಅಜ್ಜಿಯರ ಸರದಿ ಬರುವುದನ್ನು ಗಮನಿಸಿರಿ. ಕರುಣೆ ಎಲ್ಲಿ ಹೆಚ್ಚೋ ಮಗು ಅಲ್ಲಿರಲಿ ಎಂಬುದೇ ಇದರ ತಿರುಳು.

ವಿಲಾಯತ್ ಎಂದರೆ ಮಗುವಿನ ಆಸ್ತಿಪಾಸ್ತಿ ಮತ್ತು ವ್ಯವಹಾರದ ಪಾಲಕತ್ವ. ಇದು ಮೊದಲು ತಂದೆಗೆ, ನಂತರ ತಂದೆ ನೇಮಿಸಿದ ವಸಿಗೆ, ಅನಂತರ ತಂದೆಯ ತಂದೆಯಾದ ದಾದಾನಿಗೆ ಹೋಗುತ್ತದೆ. ಭಾರತದ ನ್ಯಾಯಾಲಯಗಳು ಅನ್ವಯಿಸುವ ಮುಸ್ಲಿಮ್ ವೈಯಕ್ತಿಕ ಕಾನೂನೂ ಇದೇ ಆಗಿದೆ. ಆದ್ದರಿಂದ ತಂದೆಯಿಲ್ಲದ ಮಗುವಿನ ವಿಷಯದಲ್ಲಿ ದಾದಾನ ಸಹಿಗೆ ಇರುವ ಬಲ ನಾನಾ, ನಾನಿ, ದಾದಿಯರ ಸಹಿಗೆ ತಾನಾಗಿ ಬರುವುದಿಲ್ಲ. ಹತ್ತು ವರ್ಷ ಸಾಕಿದ ಅಜ್ಜಿಯನ್ನು ಬ್ಯಾಂಕಿನವರು "ನೀವು ಪೋಷಕರೆಂಬುದಕ್ಕೆ ಕಾಗದವೇನಿದೆ?" ಎಂದು ಕೇಳುವುದು ಈ ಕಾರಣದಿಂದ.

ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. 1890ರ ಪೋಷಕರು ಮತ್ತು ಪಾಲಿತರ ಕಾಯಿದೆಯ ಪ್ರಕಾರ ನ್ಯಾಯಾಲಯವು ಅಜ್ಜಿಯನ್ನೂ ಪಾಲಕಿಯಾಗಿ ನೇಮಿಸಬಹುದು. ನ್ಯಾಯಾಲಯವು ಮಗುವಿನ ವೈಯಕ್ತಿಕ ಕಾನೂನನ್ನು ನೋಡುತ್ತದೆ, ಜೊತೆಗೆ ಮಗುವಿನ ಹಿತವನ್ನೂ ನೋಡುತ್ತದೆ. ವಕೀಲರ ಶುಲ್ಕದ ಭಯ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ ಮತ್ತು ವಿಕಲಚೇತನರಿಗೆ ಉಚಿತ ಕಾನೂನು ನೆರವು ಹಕ್ಕಾಗಿದೆ. ನಂಜನಗೂಡಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಮೈಸೂರಿನ ಜಿಲ್ಲಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು.

ತಾಯಿ ಬದುಕಿದ್ದು ಬೇರೆಡೆ ಇದ್ದರೆ ಜಗಳ ತೆಗೆಯಬೇಡಿರಿ. ಅವಳಿಂದ ಬೇಕಾದ ಕಾಗದ, ಆಧಾರ್ ಪ್ರತಿ, ಸಹಿಗಳನ್ನು ಸೌಜನ್ಯದಿಂದ ಪಡೆಯಿರಿ. ಹಿರಿಯರ ಮುನಿಸಿಗೆ ಬೆಲೆ ತೆರಬೇಕಾದವನು ಕೊನೆಗೆ ಮಾತು ಬಾರದ ಮಗುವೇ.

ಮೊದಲ ಮೆಟ್ಟಿಲು: ಪ್ರಮಾಣಪತ್ರ

1995ರ ಕಾಯಿದೆಯ ಸ್ಥಾನದಲ್ಲಿ ಈಗ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಜಾರಿಯಲ್ಲಿದೆ. ಹಳೆಯ ಕಾಯಿದೆ 7 ವಿಧದ ಅಂಗವೈಕಲ್ಯಗಳನ್ನು ಗುರುತಿಸಿದ್ದರೆ ಹೊಸದು 21 ವಿಧಗಳನ್ನು ಗುರುತಿಸಿದೆ. ಆಟಿಸಮ್, ಸೆರೆಬ್ರಲ್ ಪಾಲ್ಸಿ ಎಂಬ ಮೆದುಳಿನ ಪಾರ್ಶ್ವವಾಯು, ಸ್ನಾಯು ಕ್ಷಯ, ತಲಸ್ಸೀಮಿಯಾ, ಕಲಿಕೆಯ ನಿರ್ದಿಷ್ಟ ತೊಂದರೆ ಇವೆಲ್ಲ ಪಟ್ಟಿಯಲ್ಲಿವೆ. ಹೊರಗೆ ಕಾಣದ ವೈಕಲ್ಯವೂ ವೈಕಲ್ಯವೇ ಎಂದು ಕಾನೂನು ಒಪ್ಪಿದೆ. 'ಸೋಮಾರಿ', 'ಹಟಮಾರಿ' ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳ ಪಾಲಿಗೆ ಇದೊಂದೇ ದೊಡ್ಡ ನೆಮ್ಮದಿ.

ಹೆಚ್ಚಿನ ಸೌಲಭ್ಯಗಳಿಗೆ ಶೇ. 40ರಷ್ಟಾದರೂ ವೈಕಲ್ಯವಿದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. 2021ರ ಜೂನ್‌ನಿಂದ ಈ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ಎಂಬ ರಾಷ್ಟ್ರೀಯ ಗುರುತಿನ ಚೀಟಿಯ ಜಾಲತಾಣದ ಮೂಲಕವೇ ಕೊಡಲಾಗುತ್ತದೆ. ಚೀಟಿಯ ಬಣ್ಣ ವೈಕಲ್ಯದ ಪ್ರಮಾಣವನ್ನು ತಿಳಿಸುತ್ತದೆ: ಶೇ. 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕೂ ಹೆಚ್ಚಾದರೆ ನೀಲಿ. ಅರ್ಜಿ ಹಾಕಿದ ಬಳಿಕ ವೈದ್ಯರ ಪರೀಕ್ಷೆಗೆ ಕರೆ ಬರುತ್ತದೆ. ಕರೆದ ದಿನ ತಪ್ಪಿಸಬೇಡಿರಿ.

ಅಜ್ಜ-ಅಜ್ಜಿಗೆ ಮೊಬೈಲು, ಕಂಪ್ಯೂಟರು ತಿಳಿಯದಿರಬಹುದು. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಇವರೂ ಸಾಮಾನ್ಯವಾಗಿ ವಿಕಲಚೇತನರೇ ಆಗಿರುತ್ತಾರೆ. ಪಂಚಾಯಿತಿ ಕಚೇರಿಗೆ ಹೋಗಿ ಈ ಕಾರ್ಯಕರ್ತ ಯಾರೆಂದು ಕೇಳಿ ತಿಳಿದುಕೊಳ್ಳಿರಿ. ದಾರಿ ಅರ್ಧ ಮುಗಿದಂತೆ.

ಕಿವಿ ಮತ್ತು ಮಾತಿನ ತೊಂದರೆಯ ವಿಷಯದಲ್ಲಿ ಮೈಸೂರು ಜಿಲ್ಲೆಯವರಾದ ನಾವು ಭಾಗ್ಯವಂತರು. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುವಾಗ ನಮ್ಮವರು "ದೊಡ್ಡವನಾದ ಮೇಲೆ ಮಾತು ಬರುತ್ತದೆ" ಎಂದು ಕಾಯುತ್ತಾ ಕೂರುವುದು ವಿಷಾದನೀಯ. ಹುಟ್ಟುಕಿವುಡಾದ ಮಗುವಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಸಾಧನ ಸಿಗಬೇಕಾದರೆ 5 ವರ್ಷದೊಳಗೆ ಆಗಬೇಕು. ಮಿದುಳು ಭಾಷೆಯನ್ನು ಹೀರಿಕೊಳ್ಳುವ ಕಾಲವೂ ಅದೇ. ಇಲ್ಲಿ ತಡ ಮಾಡುವುದೆಂದರೆ ಮಗುವಿನ ಜೀವಮಾನದ ಮಾತನ್ನು ಕಳೆದಂತೆ.

ದೊರೆಯುವ ಸೌಲಭ್ಯಗಳು

1. *ಮಾಸಾಶನ.* ರಾಜ್ಯದ ವಿಕಲಚೇತನರ ಮಾಸಾಶನಕ್ಕೆ ಮಕ್ಕಳೂ ಅರ್ಹರು. ಶೇ. 40ರಿಂದ 75ರೊಳಗಿನ ವೈಕಲ್ಯಕ್ಕೆ ತಿಂಗಳಿಗೆ 600 ರೂ. ಇದ್ದುದನ್ನು 2021ರಲ್ಲಿ 800 ರೂ.ಗೆ ಏರಿಸಲಾಯಿತು. ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ ನಿಗದಿಯಾದದ್ದು 1,400 ರೂ. ಸರ್ಕಾರಗಳು ಈ ಮೊತ್ತವನ್ನು ಆಗಾಗ ಬದಲಿಸುವುದರಿಂದ ಅರ್ಜಿಯ ದಿನ ಕೇಳಿ ತಿಳಿಯಿರಿ. ಅರ್ಜಿ ಹುಲ್ಲಹಳ್ಳಿ ಹೋಬಳಿಯ ನಾಡಕಚೇರಿಯಲ್ಲಿ. ಯು.ಡಿ.ಐ.ಡಿ., ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆ ಇವಿಷ್ಟು ಕೈಯಲ್ಲಿರಲಿ. ಅಜ್ಜನಿಗೆ ಅಥವಾ ಅಜ್ಜಿಗೆ 65 ತುಂಬಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ಅವರ ಹಕ್ಕು, ಮಗುವಿನ ಮಾಸಾಶನ ಮಗುವಿನ ಹಕ್ಕು. ಒಬ್ಬರೇ ಎರಡು ಪಿಂಚಣಿ ಪಡೆಯುವಂತಿಲ್ಲ ಎಂಬ ನಿಯಮವನ್ನು ಮನೆಗೊಂದೇ ಪಿಂಚಣಿ ಎಂದು ತಪ್ಪು ತಿಳಿಯಬೇಡಿರಿ.

2. *ಪ್ರಾಯೋಜಕತ್ವ.* ಅಜ್ಜ-ಅಜ್ಜಿಯರ ಮನೆಯ ಮಕ್ಕಳಿಗೆ ಅತ್ಯಂತ ಉಪಯುಕ್ತವಾದ, ಆದರೆ ನಮ್ಮವರು ಹೆಸರನ್ನೇ ಕೇಳದ ಯೋಜನೆಯಿದು. ಕೇಂದ್ರದ 'ಮಿಷನ್ ವಾತ್ಸಲ್ಯ'ದ 2022ರ ಮಾರ್ಗಸೂಚಿಯಂತೆ ಅನಾಥರಾಗಿ ಬಂಧುಗಳ ಆಶ್ರಯದಲ್ಲಿರುವ ಮಕ್ಕಳಿಗೆ, ಹೆತ್ತವರು ಸಾಕಲು ಅಶಕ್ತರಾದ ಮಕ್ಕಳಿಗೆ ತಿಂಗಳಿಗೆ 4,000 ರೂ. ನೆರವು ಸಿಗಬಹುದು. ಕುಟುಂಬದ ವಾರ್ಷಿಕ ಆದಾಯ ಗ್ರಾಮಾಂತರದಲ್ಲಿ 72,000 ರೂ., ಇತರೆಡೆ 96,000 ರೂ. ಮೀರಬಾರದು. ಇದಕ್ಕೆ ನಾಡಕಚೇರಿಗೆ ಹೋಗಬೇಡಿರಿ. ಮೈಸೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಅಂಗನವಾಡಿ ಕಾರ್ಯಕರ್ತೆಯೂ ದಾರಿ ತೋರಿಸಬಲ್ಲಳು. ಮಗುವನ್ನು ಅನಾಥಾಲಯಕ್ಕೆ ಕಳಿಸದೆ ರಕ್ತಸಂಬಂಧಿಗಳ ಮಡಿಲಲ್ಲೇ ಉಳಿಸುವುದು ಇದರ ಉದ್ದೇಶ. ನಮ್ಮ ಧರ್ಮ ಬಯಸುವುದೂ ಅದನ್ನೇ.

3. *ಆರೈಕೆದಾರರ ಭತ್ಯೆ.* ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷಯದಂತಹ ತೀವ್ರ ತೊಂದರೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿರಿ.

4. *ಶಿಕ್ಷಣ.* ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18ರ ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಹಾಸಿಗೆ ಬಿಟ್ಟೇಳಲಾರದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ನಂಜನಗೂಡಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೇಳಬೇಕು. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ.

5. *ವಿಮೆ ಮತ್ತು ಪ್ರಯಾಣ.* ಆಟಿಸಮ್, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ 'ನಿರಾಮಯ' ಎಂಬ 1 ಲಕ್ಷ ರೂ.ವರೆಗಿನ ಆರೋಗ್ಯ ವಿಮೆಯಿದೆ. ವಿಕಲಚೇತನರಿಗೆ ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವರೆಗೆ ನಡೆಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಅಜ್ಜಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಮೈಸೂರಿಗೆ ಚಿಕಿತ್ಸೆಗೆ ಹೋಗಲು ಬಸ್ ಚಾರ್ಜು ಅಡ್ಡಿಯೆಂಬ ಮಾತು ಈಗ ಬಹುಮಟ್ಟಿಗೆ ಉಳಿದಿಲ್ಲ.

ಬಂದ ಹಣ ಯಾರದ್ದು?

ಓದುಗರೇ, ಇದುವರೆಗೆ ಹೇಳಿದ್ದು ಹಣ ಬರುವ ದಾರಿ. ಈಗ ಹೇಳುವುದು ಪರಲೋಕದ ಲೆಕ್ಕ.

ಮಗುವಿನ ಹೆಸರಿನಲ್ಲಿ ಬಂದ ಮಾಸಾಶನ ಮಗುವಿನ ಸೊತ್ತು. ಸಾಕುವವರು ಅದರ ಅಮೀನರು ಮಾತ್ರ. ಶಾಸ್ತ್ರದ ಪ್ರಕಾರ ಯತೀಮ್ ಎಂದರೆ ಪ್ರೌಢನಾಗುವ ಮುನ್ನ ತಂದೆಯನ್ನು ಕಳೆದುಕೊಂಡವನು. ತಂದೆ ಬದುಕಿದ್ದೂ ಬಿಟ್ಟುಹೋದ ಮಗು ಈ ವ್ಯಾಖ್ಯೆಗೆ ಸೇರದಿದ್ದರೂ ಅದರ ಹಣವೂ ಅಮಾನತ್ತೇ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ತಮ್ಮ ಹೊಟ್ಟೆಗೆ ಬೆಂಕಿಯನ್ನೇ ತುಂಬುತ್ತಾರೆಂದು ಸೂರಃ ಅನ್ನಿಸಾಅ್‌ನ 10ನೆಯ ವಚನ ಎಚ್ಚರಿಸುತ್ತದೆ.

ಈ ಎಚ್ಚರಿಕೆಗಳನ್ನು ಕೇಳಿ ಸಹಾಬಿಗಳು ಎಷ್ಟು ಹೆದರಿದರೆಂದರೆ, ತಮ್ಮ ಮನೆಯ ಅನಾಥರ ಅನ್ನ-ನೀರನ್ನೇ ಬೇರೆಯಿಟ್ಟರು. ಮಗು ತಿಂದು ಉಳಿದದ್ದು ಹಳಸುತ್ತಿತ್ತು, ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ಆಗ ಸೂರಃ ಅಲ್‌ಬಕರಃದ 220ನೆಯ ವಚನ ಅವತೀರ್ಣವಾಗಿ, ಅನಾಥರ ಹಿತವೇ ಉತ್ತಮ, ಅವರೊಡನೆ ಕೂಡಿ ಬಾಳಿದರೆ ಅವರು ನಿಮ್ಮ ಸಹೋದರರು, ಹಿತ ಬಯಸುವವನನ್ನೂ ಕೆಡಿಸುವವನನ್ನೂ ಅಲ್ಲಾಹನು ಬಲ್ಲನು ಎಂಬ ತೀರ್ಪನ್ನು ನೀಡಿತು. ಎಷ್ಟು ಕರುಣೆಯ ನಿಯಮ! ಒಂದೇ ಒಲೆಯ ಅಡಿಗೆ ಮಾಡಬಹುದು. 800 ರೂಪಾಯಿಗೆ ಬೇರೆ ಪಾತ್ರೆ ಇಡಬೇಕಾಗಿಲ್ಲ. ಆದರೆ ನಿಯ್ಯತ್ತಿನ ಮೇಲೆ ಕಾವಲಿದೆ.

ಹಾಗಾದರೆ ಬಡ ಅಜ್ಜಿ ಆ ಹಣದಿಂದ ತಾನೂ ಉಣ್ಣಬಹುದೇ? ಇದಕ್ಕೂ ಉತ್ತರವಿದೆ. ಅನ್ನಿಸಾಅ್‌ನ 6ನೆಯ ವಚನದಂತೆ ಅನುಕೂಲಸ್ಥ ಪಾಲಕನು ಅನಾಥನ ಸೊತ್ತಿನಿಂದ ದೂರವಿರಬೇಕು. ಬಡ ಪಾಲಕನು ನ್ಯಾಯಸಮ್ಮತವಾದ ಪ್ರಮಾಣದಲ್ಲಿ ಬಳಸಬಹುದು. ಕೊನೆಗೆ ಸೊತ್ತನ್ನು ಹಿಂದಿರುಗಿಸುವಾಗ ಸಾಕ್ಷಿಗಳಿರಬೇಕು. ಮಗುವಿಗಾಗಿ ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ಅಜ್ಜಿ ಆ ಅಕ್ಕಿಯಲ್ಲಿ ಒಂದು ತುತ್ತು ಉಂಡರೆ ಪಾಪವಲ್ಲ. ಆದರೆ ಮಗುವಿನ ಶೂ ಹರಿದಿರುವಾಗ ಆ ಹಣ ಚಿಕ್ಕಪ್ಪನ ಮೊಬೈಲ್ ಕರೆನ್ಸಿಗೆ, ಅತ್ತೆಯ ಮಗಳ ಮದುವೆಯ ಮುಯ್ಯಿಗೆ ಹೋದರೆ ಅದು ಬೆಂಕಿ.

ಬುದ್ಧಿ ಬೆಳೆಯದವರ ಬಗ್ಗೆ ಇನ್ನೊಂದು ವಚನವಿದೆ. ವಿವೇಕ ಸಾಲದವರ ಕೈಗೆ ಸೊತ್ತನ್ನು ಕೊಡಬೇಡಿ, ಆದರೆ ಅದರಿಂದ ಅವರಿಗೆ ಉಣಿಸಿರಿ, ಉಡಿಸಿರಿ, ಅವರೊಡನೆ ಒಳ್ಳೆಯ ಮಾತಾಡಿರಿ ಎಂಬುದು ಅನ್ನಿಸಾಅ್‌ನ 5ನೆಯ ವಚನದ ಸಾರ. ಅನ್ನ, ಬಟ್ಟೆಗಳ ಜೊತೆಯಲ್ಲಿ ಒಳ್ಳೆಯ ಮಾತನ್ನೂ ಸೇರಿಸಿದ್ದನ್ನು ನೋಡಿರಿ. "ನಿನ್ನ ಪಿಂಚಣಿಯಲ್ಲೇ ನೀನು ತಿನ್ನುತ್ತಿರುವುದು" ಎಂದೋ "ನಾನಿಲ್ಲದಿದ್ದರೆ ಬೀದಿಪಾಲಾಗುತ್ತಿದ್ದೆ" ಎಂದೋ ಚುಚ್ಚುವ ನಾಲಿಗೆ ಈ ವಚನದ ಮೂರನೆಯ ಭಾಗವನ್ನು ಮುರಿಯುತ್ತದೆ. ಮಗುವಿಗೆ ಮಾತು ಅರ್ಥವಾಗದಿರಬಹುದು. ಮುಖ ಅರ್ಥವಾಗುತ್ತದೆ.

ಆದ್ದರಿಂದ ಒಂದು ಸರಳ ಕ್ರಮ ಅನುಸರಿಸಿರಿ. ಎರಡು ರೂಪಾಯಿಯ ನೋಟ್‌ಬುಕ್ ಕಾಲ ಹೋಯಿತು, ಇಪ್ಪತ್ತು ರೂಪಾಯಿಯದಾದರೂ ಒಂದು ಇಡಿರಿ. ಬಂದದ್ದು ಒಂದು ಕಡೆ, ಮಗುವಿನ ಔಷಧಿ, ಬಟ್ಟೆ, ಹಾಲು, ಓಡಾಟ ಇನ್ನೊಂದು ಕಡೆ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಇನ್ನೊಬ್ಬ ಮೊಮ್ಮಗಳಿಂದ ಬರೆಸಿರಿ. ಉಳಿದರೆ ಮಗುವಿನ ಖಾತೆಯಲ್ಲೇ ಬಿಡಿರಿ.

ಸುಳ್ಳು ಪ್ರಮಾಣಪತ್ರದ ವಿಷಯ

ಕಹಿಯಾದರೂ ಹೇಳಬೇಕಾದ ಮಾತಿದು. ಇಲ್ಲದ ವೈಕಲ್ಯವನ್ನು ಇದೆಯೆನ್ನುವುದು, ಶೇಕಡಾ ಹೆಚ್ಚಿಸಲು ದಲ್ಲಾಳಿಗೆ ಹಣ ಕೊಡುವುದು, ತೀರಿಹೋದ ಮಗುವಿನ ಹೆಸರಿನಲ್ಲಿ ಮಾಸಾಶನ ಪಡೆಯುತ್ತಿರುವುದು ಇವೆಲ್ಲ ಹರಾಮ್. 2016ರ ಕಾಯಿದೆಯ 91ನೆಯ ಸೆಕ್ಷನ್ ಇದಕ್ಕೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸರ್ಕಾರದ ಕಣ್ಣು ತಪ್ಪಿದರೂ ಇದು ಸಾರ್ವಜನಿಕರ ಸೊತ್ತು. ಒಬ್ಬನ ಸೊತ್ತು ಕದ್ದರೆ ಅವನೊಬ್ಬನ ಬಳಿ ಕ್ಷಮೆ ಕೇಳಬಹುದು, ಎಲ್ಲರ ಸೊತ್ತು ಕದ್ದವನು ಯಾರ ಬಳಿ ಕೇಳುವನು? ಒಂದು ಸುಳ್ಳು ಅರ್ಜಿಯಿಂದ ಅಧಿಕಾರಿಗಳ ಸಂಶಯ ಹತ್ತು ನಿಜವಾದ ಅರ್ಜಿಗಳ ಮೇಲೆ ಬೀಳುತ್ತದೆ ಎಂಬುದೂ ನೆನಪಿರಲಿ.

ಝಕಾತ್ ಮತ್ತು ಮೊಮ್ಮಕ್ಕಳು

ಕೆಲವರು ತಮ್ಮ ಝಕಾತನ್ನು ತಮ್ಮ ಮನೆಯಲ್ಲಿರುವ ವಿಕಲಚೇತನ ಮೊಮ್ಮಗುವಿಗೇ ಖರ್ಚು ಮಾಡಿ ಸಮಾಧಾನಪಡುತ್ತಾರೆ. ಹನಫೀ ಮದ್ಸ್‌ಹಬ್ ಪ್ರಕಾರ ತಂದೆ-ತಾಯಿ, ಅಜ್ಜ-ಅಜ್ಜಿಯರಿಗೂ ಮಕ್ಕಳು, ಮೊಮ್ಮಕ್ಕಳಿಗೂ ಸ್ವಂತ ಝಕಾತ್ ಕೊಟ್ಟರೆ ಅದು ಸಂದಾಯವಾಗುವುದಿಲ್ಲ. ಅವರನ್ನು ಸಾಕುವುದು ಝಕಾತ್‌ಗೆ ಹೊರತಾದ ಕರ್ತವ್ಯ. ದುಡಿಯಲಾರದ ವಿಕಲನಿಗೆ ಪ್ರೌಢನಾದ ಮೇಲೂ ಈ ಜೀವನಾಂಶದ ಹಕ್ಕು ಮುಗಿಯುವುದಿಲ್ಲ. ಆದರೆ ಮಾವ, ಚಿಕ್ಕಪ್ಪ, ಅತ್ತೆ, ನೆರೆಯವರು ತಮ್ಮ ಝಕಾತನ್ನು ಆ ಬಡ ಮಗುವಿಗೆ ಕೊಡಬಹುದು. ಬಂಧುವಿಗೆ ಕೊಟ್ಟದ್ದರಲ್ಲಿ ದಾನದ ಪುಣ್ಯವೂ ಬಂಧುತ್ವದ ಪುಣ್ಯವೂ ಇದೆ. ತನ್ನ ಆಶ್ರಯದಲ್ಲಿದ್ದ ಅನಾಥರಿಗಾಗಿ ಖರ್ಚು ಮಾಡುವುದರ ಬಗ್ಗೆ ಇಬ್ನು ಮಸ್ಊದ್(ರ)ರ ಪತ್ನಿ ಝೈನಬ್(ರ)ರು ವಿಚಾರಿಸಿದಾಗ ಪ್ರವಾದಿ(ಸ)ರು ಈ ಎರಡು ಪ್ರತಿಫಲಗಳ ಶುಭವಾರ್ತೆಯನ್ನೇ ನೀಡಿದ್ದರು.

ನಮ್ಮ ನಂತರ ಯಾರು?

ಪ್ರತಿಯೊಬ್ಬ ಅಜ್ಜ-ಅಜ್ಜಿಯ ನಿದ್ದೆಗೆಡಿಸುವ ಪ್ರಶ್ನೆಯಿದು. ಇದಕ್ಕೆ ಎರಡು ಮುಖಗಳಿವೆ.

ಒಂದು ಆಸ್ತಿಯದು. ಅಜ್ಜ ತೀರಿಕೊಂಡಾಗ ಅವರ ಮಗನೊಬ್ಬ ಜೀವಂತವಿದ್ದರೆ, ಮೊದಲೇ ತೀರಿಹೋದ ಮಗನ ಮಗುವಿಗೆ ವಾರಸಿನ ಪಾಲು ಬರುವುದಿಲ್ಲ. ಹತ್ತಿರದವನು ದೂರದವನನ್ನು ತಡೆಯುತ್ತಾನೆ ಎಂಬುದು ಇಲ್ಲಿಯ ನಿಯಮ. ಮಗಳ ಮಕ್ಕಳೂ ಸಾಮಾನ್ಯವಾಗಿ ವಾರಸುದಾರರಲ್ಲ. ಇದನ್ನು ತಿಳಿಯದೆ "ಮನೆ ಇದೆಯಲ್ಲ" ಎಂದು ನೆಮ್ಮದಿಯಿಂದಿರುವವರು ಬಹಳ. ಈಜಿಪ್ಟ್ 1946ರಲ್ಲಿ ಇಂತಹ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯ್ಯತ್‌ನ ಕಾನೂನು ತಂದಿತು. ನಮ್ಮ ದೇಶದಲ್ಲಿ ಅಂತಹ ಕಾನೂನಿಲ್ಲ. ಆದರೆ ಶರೀಅತ್ತು ನಮ್ಮ ಕೈಯಲ್ಲೇ ಕೀಲಿಕೈ ಕೊಟ್ಟಿದೆ: ಸಾಲ ತೀರಿಸಿ ಉಳಿದ ಸೊತ್ತಿನ ಮೂರರಲ್ಲಿ ಒಂದು ಭಾಗದವರೆಗೆ ವಾರಸುದಾರರಲ್ಲದವರಿಗೆ ವಸಿಯ್ಯತ್ ಮಾಡಬಹುದು. ಯಾರ ಒಪ್ಪಿಗೆಯೂ ಬೇಕಿಲ್ಲ. ಬದುಕಿರುವಾಗಲೇ ಹಿಬಾ ಮಾಡಿ ಸ್ವಾಧೀನ ಬಿಟ್ಟುಕೊಡಲೂಬಹುದು. ವಸಿಯ್ಯತ್ ಬಾಯಿಮಾತಿನದಾಗಿದ್ದರೂ ಸಿಂಧುವೇ. ಆದರೆ ಬಾಯಿಮಾತು ಮಯ್ಯಿತ್ತಿನ ಮೂರನೆಯ ದಿನಕ್ಕೇ ಮರೆತುಹೋಗುವುದನ್ನು ನಾವು ಕಂಡಿದ್ದೇವೆ. ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿರಿ. ಆ ಸೊತ್ತನ್ನು ಮಗುವಿಗಾಗಿ ನೋಡಿಕೊಳ್ಳುವ ವಸಿ ಯಾರೆಂದು ಅದರಲ್ಲೇ ಹೆಸರಿಸಿರಿ.

ಎರಡನೆಯದು ಪಾಲಕತ್ವದ್ದು. ಮಗುವಿಗೆ 18 ತುಂಬಿದ ದಿನ ಕಾನೂನಿನ ದೃಷ್ಟಿಯಲ್ಲಿ ಅದು ವಯಸ್ಕ. ಬುದ್ಧಿ ಐದು ವರ್ಷದ್ದಾಗಿದ್ದರೂ ಅಜ್ಜನ ಸಹಿ ಅಂದಿಗೆ ನಿಲ್ಲುತ್ತದೆ. ಮೇಲೆ ಹೇಳಿದ ನಾಲ್ಕು ವಿಧದ ವೈಕಲ್ಯಗಳಿಗೆ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಇತರ ವೈಕಲ್ಯಗಳಿಗೆ 2016ರ ಕಾಯಿದೆಯಲ್ಲಿ ಸೀಮಿತ ಪಾಲಕತ್ವದ ಅವಕಾಶವಿದೆ. 70 ದಾಟಿದ ಅಜ್ಜ ತನ್ನ ಹೆಸರಿಗೆ ಹಟ ಹಿಡಿಯದೆ, ಮಗುವನ್ನು ನಿಜವಾಗಿ ಪ್ರೀತಿಸುವ ಕಿರಿಯರೊಬ್ಬರನ್ನು ಈಗಲೇ ಸಿದ್ಧಗೊಳಿಸುವುದು ಜಾಣತನ. ಅಬ್ದುಲ್ ಮುತ್ತಲಿಬರ ಮನೆಯಲ್ಲಿ ಸಿರಿವಂತ ಮಕ್ಕಳಿದ್ದರು. ಅವರು ಆರಿಸಿದ್ದು ಅಬೂತಾಲಿಬರನ್ನು.

ಜಮಾಅತಿನ ಹೊಣೆ

ಮಸೀದಿಯಲ್ಲಿ ಪ್ರತಿ ಶುಕ್ರವಾರ ಸೇರುವ ನಾವು, ನಮ್ಮ ಮೊಹಲ್ಲಾದಲ್ಲಿ ಇಂತಹ ಮನೆಗಳು ಎಷ್ಟಿವೆ ಎಂದು ಒಮ್ಮೆ ಎಣಿಸಿದ್ದೇವೆಯೇ? ಜಮಾಅತಿನ ಇಬ್ಬರು ಯುವಕರು ತಿಂಗಳಿಗೊಂದು ದಿನ ಮುಡಿಪಿಟ್ಟರೆ ನಾಡಕಚೇರಿಯ ಅರ್ಜಿ, ಯು.ಡಿ.ಐ.ಡಿ. ನೋಂದಣಿ, ಮೈಸೂರಿನ ಆಸ್ಪತ್ರೆಯ ಓಡಾಟ ಎಲ್ಲವೂ ಸಾಗುತ್ತದೆ. ಇದನ್ನು ನಮ್ಮವರಿಗಷ್ಟೇ ಮಾಡಬೇಡಿರಿ. ಪಕ್ಕದ ಬೀದಿಯ ಹಿಂದೂ ಅಜ್ಜಿಯ ಮೊಮ್ಮಗುವಿಗೂ ಅದೇ ಅರ್ಜಿ ಬೇಕು. ಉಮರ್(ರ)ರು ಕೈಹಿಡಿದು ಕರೆದೊಯ್ದ ವೃದ್ಧನ ಧರ್ಮ ಯಾವುದೆಂಬುದನ್ನು ನೆನೆಯಿರಿ.

ಮದ್ರಸದ ಉಸ್ತಾದರೂ ಈ ಮಕ್ಕಳನ್ನು ಬಾಗಿಲಲ್ಲೇ ತಡೆಯಬಾರದು. ಕುರೈಶ್ ಮುಖಂಡರೊಡನೆ ಮಾತಾಡುತ್ತಿದ್ದಾಗ ಬಂದ ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ)ರ ವಿಷಯದಲ್ಲಿ ಸೂರಃ ಅಬಸ ಅವತೀರ್ಣವಾಯಿತು. ಅದೇ ಅಂಧರು ಮುಂದೆ ಪ್ರವಾದಿ(ಸ)ರ ಮಸೀದಿಯ ಮುಅದ್ಸಿನ್ ಆದರು. ಪ್ರವಾದಿ(ಸ)ರು ಮದೀನಾದಿಂದ ಹೊರಗಿದ್ದಾಗ ಹಲವು ಸಲ ಅವರೇ ಅಲ್ಲಿ ಪ್ರತಿನಿಧಿಯಾಗಿ ನಮಾಝ್‌ಗೆ ಇಮಾಮರಾದರು. ಇಡೀ ಕುರ್‌ಆನ್ ಕಂಠಪಾಠ ಮಾಡಲಾರದ ಮಗು ಒಂದು ಸೂರಃ ಕಲಿಯಲಿ. ಅದೂ ಆಗದಿದ್ದರೆ 'ಬಿಸ್ಮಿಲ್ಲಾಹ್' ಎನ್ನಲಿ, ಮಸೀದಿಯ ಸಾಲಿನಲ್ಲಿ ಅಜ್ಜನ ಪಕ್ಕದಲ್ಲಿ ನಿಲ್ಲಲಿ. ಅದರ ಮೇಲೆ ಲೇಖನಿ ಎತ್ತಲ್ಪಟ್ಟಿರಬಹುದು, ನಮ್ಮ ಮೇಲಿನ ಲೇಖನಿ ಎತ್ತಲ್ಪಟ್ಟಿಲ್ಲ.

ಅನಾಥನ ಸಂರಕ್ಷಕನು ಸ್ವರ್ಗದಲ್ಲಿ ತನ್ನೊಂದಿಗೆ ಎರಡು ಬೆರಳುಗಳಷ್ಟು ಹತ್ತಿರವಿರುವನೆಂದು ಪ್ರವಾದಿ(ಸ)ರು ಬೆರಳುಗಳನ್ನು ತೋರಿಸಿ ಹೇಳಿದ್ದಾರೆ. ನಡು ಬಾಗಿದ ವಯಸ್ಸಿನಲ್ಲೂ ಮೊಮ್ಮಗುವನ್ನು ಎತ್ತಿಕೊಂಡು ಹುಲ್ಲಹಳ್ಳಿಯಿಂದ ಬಸ್ ಹತ್ತುವ ಅಜ್ಜಿಯಂದಿರಿಗೆ ಆ ಸ್ಥಾನ ದೊರೆಯಲಿ. ಅವರಿಗೆ ಸೀಟು ಬಿಟ್ಟುಕೊಡುವ, ಅರ್ಜಿ ಬರೆದುಕೊಡುವ, ಅವರ ಬಳಿಕ ಆ ಮಗುವಿನ ಕೈಹಿಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.